ಆಪ್ ತೆಗೆದ್ರೂ ದುಡ್ಡು ಹೋಗ್ತಾನೇ ಐತೆ

ಪ್ರಶ್ನೆ: ಅಕ್ಕಾ ನಮಸ್ತೆ. ನಾನು ದಾವಣಗೆರೆ ಚೌಕಿಪೇಟೇಲಿ ಬಟ್ಟೆ ಅಂಗಡಿ ಕೆಲ್ಸಕ್ಕೆ ಹೋಗೋನು, 27 ವಯಸ್ಸು. ಯುಗಾದಿ ಟೈಮಲ್ಲಿ ಗೆಳೆಯರ ಮಾತು ಕೇಳಿ ಒಂದು ಡೇಟಿಂಗ್ ಆಪ್ ಹಾಕ್ಕೊಂಡೆ, ನಿಮ್ಮನ್ನ ಯಾರು ಲೈಕ್ ಮಾಡಿದಾರೆ ನೋಡಿ, ಮೊದಲ ವಾರ ಬರೀ 49 ರೂಪಾಯಿ ಅಂತ ಬಂತು, ಪಿನ್ ಒತ್ತಿದೆ. ಲೈಕ್ ಮಾಡಿದೋರೆಲ್ಲ ಬೆಂಗ್ಳೂರು, ಪುಣೆ ಕಡೆಯೋರು! ಬೇಜಾರಾಗಿ ಆಪ್ ತೆಗೆದುಬಿಟ್ಟೆ, ಆದ್ರೆ ತಿಂಗಳು ತಿಂಗಳು 499 ಹೋಗ್ತಾ ಐದು ಸಲ ಆಯ್ತು. ಹೊಸ ಫೋನಿನ ಪ್ಲೇ ಸ್ಟೋರಲ್ಲಿ ನೋಡಿದ್ರೆ ಸಬ್‌ಸ್ಕ್ರಿಪ್ಷನ್ನೇ ಇಲ್ಲ ಅಂತದೆ. ಮದ್ವೆ ಬೇರೆ ಫಿಕ್ಸ್ ಆಗೈತೆ, ಪಾಸ್‌ಬುಕ್ ಎಂಟ್ರಿ ಹಾಕ್ಸೋದು ನಮ್ಮ ಅಪ್ಪಾಜಿ. ಬ್ಯಾಂಕಲ್ಲಿ ಕೇಳೋಣ ಅಂದ್ರೆ ಕೌಂಟರ್ ಮೇಡಂ ನಮ್ಮ ಬೀದಿಯೋರೇ.
- ಹೆಸರು ಹಾಕ್ಬೇಡಿ, ದಾವಣಗೆರೆ

ಉತ್ತರ: ತಮ್ಮಾ, ಮೊದ್ಲು ಅಪ್ಪಾಜಿ ಭಯ ಬಿಡು, ಬ್ಯಾಂಕಿಗೆ ಹೋಗೋದೇ ಬೇಡ. ಆಪ್ ತೆಗೆಯೋದು ಬೇರೆ, ಸಬ್‌ಸ್ಕ್ರಿಪ್ಷನ್ ನಿಲ್ಸೋದು ಬೇರೆ. ಅವತ್ತು ನೀನು ಒತ್ತಿದ ಪಿನ್ನು 49 ರೂಪಾಯಿಗೆ ಅಷ್ಟೇ ಅಲ್ಲ, ತಿಂಗಳು ತಿಂಗಳು ತಗೋ ಅನ್ನೋ ಆಟೋಪೇಗೂ ಒಪ್ಪಿಗೆ ಕೊಟ್ಟಂಗಾಯ್ತು. 15,000 ರೂಪಾಯಿ ಒಳಗಿನ ಇಂಥ ಕಂತಿಗೆ ಪ್ರತಿ ಸಲ ಪಿನ್ ಕೇಳಲ್ಲ. ದುಡ್ಡು ಹೋಗೋ 24 ಗಂಟೆ ಮುಂಚೆ ಮೆಸೇಜ್ ಬರ್ಬೇಕು ಅಂತ ರಿಸರ್ವ್ ಬ್ಯಾಂಕ್ ರೂಲ್ಸ್ ಐತೆ, ಬಂದಿರ್ತದೆ ಕೂಡ, ಆದ್ರೆ ಲೋನ್ ಬೇಕಾ ಅನ್ನೋ ನೂರೆಂಟು ಮೆಸೇಜ್ ಮಧ್ಯ ಅದನ್ನ ಯಾರು ಓದ್ತಾರೆ ಹೇಳು.

ಪ್ಲೇ ಸ್ಟೋರಲ್ಲಿ ಕಾಣಿಸ್ತಿಲ್ಲ ಅಂದೆಯಲ್ಲ, ನನ್ನ ಅನುಮಾನ ಅಲ್ಲೇ. ಹೊಸ ಫೋನಿಗೆ ಹೊಸ ಜಿಮೇಲ್ ಮಾಡ್ಕೊಂಡಿರ್ತೀಯ. ಸಬ್‌ಸ್ಕ್ರಿಪ್ಷನ್ ಅಂಟ್ಕೊಂಡಿರೋದು ಫೋನಿಗಲ್ಲ, ಹಳೇ ಜಿಮೇಲಿಗೆ. ಆ ಜಿಮೇಲ್ ಹಾಕಿ ಲಾಗಿನ್ ಆಗು, ಪ್ಲೇ ಸ್ಟೋರಲ್ಲಿ ಮೇಲಿನ ಫೋಟೋ ಒತ್ತಿ ಅಕೌಂಟ್ ಬದಲಾಯ್ಸು, ಪೇಮೆಂಟ್ಸ್ ಅಂಡ್ ಸಬ್‌ಸ್ಕ್ರಿಪ್ಷನ್ಸ್ ಒಳಗೆ ಹೋಗಿ ಕ್ಯಾನ್ಸಲ್ ಮಾಡು. ಅಲ್ಲೂ ಇಲ್ವಾ? ಹಳೇ ಮೇಲಲ್ಲಿ ರಸೀದಿ ಹುಡುಕು, ಅದು ಗೂಗಲ್ಲಿಂದ ಬರದೆ ಆಪ್‌ನೋರಿಂದಲೇ ಬಂದಿದ್ರೆ ಅವರ ವೆಬ್‌ಸೈಟಲ್ಲಿ ಲಾಗಿನ್ ಆಗಿ ಅಲ್ಲೇ ನಿಲ್ಸ್ಬೇಕು. ಜೊತೆಗೇ ಫೋನ್‌ಪೇನೋ ಗೂಗಲ್ ಪೇನೋ ಯಾವ್ದು ಬಳಸ್ತೀಯೋ ಅದ್ರಲ್ಲಿ ಆಟೋಪೇ ಅಂತ ಇರ್ತದೆ ನೋಡು, ಆ ಡೇಟಿಂಗ್ ಆಪ್ ಹೆಸರು ಸಿಕ್ರೆ ಅದನ್ನೂ ಕ್ಯಾನ್ಸಲ್ ಮಾಡಿ ಎರಡಕ್ಕೂ ಸ್ಕ್ರೀನ್‌ಶಾಟ್ ತೆಗೆದಿಡು.

ಹೋದ ದುಡ್ಡು? ಪೂರ್ತಿ ಬರ್ತದೆ ಅಂತ ನಾನು ಆಸೆ ಹುಟ್ಸಲ್ಲ. ಗೂಗಲ್ ಮೂಲಕ ಹೋಗಿದ್ರೆ 48 ಗಂಟೆ ಒಳಗೆ ಕೇಳಿದ್ರೆ ಸಿಗೋ ಚಾನ್ಸ್ ಜಾಸ್ತಿ, ಹಳೇದಕ್ಕೆ ಆಪ್‌ನೋರಿಗೇ ಮೇಲ್ ಹಾಕ್ಬೇಕು. ಒಂದು ವಾರ ನೋಡು, ಉತ್ತರ ಬರ್ಲಿಲ್ಲ ಅಂದ್ರೆ 1915ಕ್ಕೆ ಫೋನ್ ಮಾಡು, ಗ್ರಾಹಕರ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡ್ಬೋದು. ಸೇರ್ಕೊಳ್ಳೋಕೆ ಒಂದೇ ಬಟನ್, ಬಿಡೋಕೆ ಹತ್ತು ಬಾಗಿಲು ಸುತ್ಸೋದನ್ನ 2023ರ ನವೆಂಬರಲ್ಲಿ ಬಂದ ಡಾರ್ಕ್ ಪ್ಯಾಟರ್ನ್ (ಆಪಲ್ಲಿ ಗ್ರಾಹಕರನ್ನ ಯಾಮಾರ್ಸೋ ತಂತ್ರ) ನಿಯಮದಲ್ಲಿ ತಪ್ಪು ಅಂತಾನೇ ಬರೆದಿದಾರೆ, ಕಂಪ್ಲೇಂಟಲ್ಲಿ ಅದನ್ನ ಹೇಳು. ದಾವಣಗೆರೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗ್ಬೋದು, ಕಂಪನಿ ಎಲ್ಲೇ ಇರ್ಲಿ, ನೀನಿರೋ ಊರಲ್ಲೇ ಕೇಸ್ ಹಾಕ್ಬೋದು, 5 ಲಕ್ಷದ ತನಕ ಫೀಸಿಲ್ಲ. ಆದ್ರೂ ಎರಡೂವರೆ ಸಾವಿರಕ್ಕೆ ಅಂಗಡಿ ರಜಾ ಹಾಕ್ಕೊಂಡು ಅಲೆಯೋದು ನಂಗೇನೋ ಸರಿ ಕಾಣಲ್ಲ.

ಹೆಂಡ್ತಿ ಆಗೋಳಿಗೆ ಹೇಳ್ಬೇಕಾ ಅಂತ ನೀನು ಕೇಳಿಲ್ಲ, ಅದಕ್ಕೆ ನಾನೂ ಹೇಳಲ್ಲ.

ಪ್ರಶ್ನೆ: ಇಂಥದ್ದೇ ಆಪ್‌ದು ಕಸ್ಟಮರ್ ಕೇರ್ ನಂಬರ್ ನೆಟ್ಟಲ್ಲಿ ಹುಡುಕಿ ಫೋನ್ ಮಾಡಿದೆ. ರೀಫಂಡ್ ಕೊಡ್ತೀವಿ, ಸ್ಕ್ರೀನ್ ಶೇರ್ ಮಾಡಿ ಪಿನ್ ಹಾಕಿ ಅಂತಾರೆ. ಹಾಕ್ಲಾ?
- ಚಿತ್ರದುರ್ಗದ ಓದುಗ

ಉತ್ತರ: ಬೇಡ್ವೇ ಬೇಡ ಕಣಪ್ಪ! ದುಡ್ಡು ಬರೋಕೆ ಪಿನ್ ಬೇಕಾಗಲ್ಲ, ಹೋಗೋಕೆ ಮಾತ್ರ ಬೇಕು. ಆಗ್ಲೇ ಹಾಕಿದ್ರೆ ಈ ಪತ್ರಿಕೆ ಪಕ್ಕಕ್ಕಿಟ್ಟು 1930ಕ್ಕೆ ಫೋನ್ ಮಾಡು, ಸೈಬರ್ ವಂಚನೆ ಸಹಾಯವಾಣಿ ಅದು.