ಬೋರ್ಡ್‌ವಾಕ್‌ಗೆ ಅಮ್ಮನನ್ನು ಕರೆದೊಯ್ಯುವ ಮುನ್ನ

ಈ ಸಲದ ಪ್ರಶ್ನೆಗಳೆಲ್ಲ ಅಮೆರಿಕದ ನ್ಯೂಜೆರ್ಸಿ ಕರಾವಳಿಯ ಬೋರ್ಡ್‌ವಾಕ್‌ಗಳ ಕುರಿತು. ಮರಳಿನ ಅಂಚಿನಲ್ಲಿ ಮೈಲಿಗಟ್ಟಲೆ ಹಾಸಿರುವ ಮರದ ಹಲಗೆಯ ಹಾದಿಗಳವು.

ಪ್ರಶ್ನೆ: ಮೈಸೂರಿನಿಂದ ಅಪ್ಪ, ಅಮ್ಮ ಬಂದಿದ್ದಾರೆ. ಅಮ್ಮನಿಗೆ ಮಂಡಿನೋವು. ಅಟ್ಲಾಂಟಿಕ್ ಸಿಟಿ, ಓಷನ್ ಸಿಟಿ, ವೈಲ್ಡ್‌ವುಡ್, ಮೂರರಲ್ಲಿ ಯಾವುದು ವಾಸಿ?
– ಓದುಗರೊಬ್ಬರು, ಎಡಿಸನ್

ಉತ್ತರ: ಓಷನ್ ಸಿಟಿ. ಹಾದಿ ಸುಮಾರು 4 ಕಿ.ಮೀ. ಇದೆ, ಕೂರಲು ಬೆಂಚುಗಳಿವೆ. ಊರಲ್ಲಿ ಮದ್ಯ ಮಾರುವುದಿಲ್ಲ, ಬರುವವರೂ ಹೆಚ್ಚಾಗಿ ಸಂಸಾರಸ್ಥರು. ಬೇಸಿಗೆಯಲ್ಲಿ ಮಧ್ಯಾಹ್ನ 12ರವರೆಗೆ ಸೈಕಲ್‌ಗಳು ಓಡಾಡುತ್ತವೆ. ನಿಧಾನವಾಗಿ ನಡೆಯುವವರಿಗೆ ಅದು ಕಷ್ಟ. ಸಂಜೆ 5ರ ಮೇಲೆ ಹೋಗಿ. ಅಲ್ಲಿ ಕಡಲಿರುವುದು ಪೂರ್ವಕ್ಕೆ, ಹಾಗಾಗಿ ಆ ಹೊತ್ತಿಗೆ ಅಂಗಡಿ ಸಾಲಿನ ನೆರಳು ಹಲಗೆಗಳ ಮೇಲೆ ಬಿದ್ದಿರುತ್ತದೆ.

ಹಾದಿಯಲ್ಲಿ ನಡೆಯಲು ದುಡ್ಡು ಕೊಡಬೇಕಿಲ್ಲ. ಮರಳಿಗೆ ಇಳಿಯುವವರಿಗೆ ಮಾತ್ರ, ಅದೂ 12 ವರ್ಷ ತುಂಬಿದವರಿಗೆ, ಜೂನ್ ಆರಂಭದಿಂದ ಸೆಪ್ಟೆಂಬರಿನ ಮೊದಲ ಸೋಮವಾರದವರೆಗೆ ‘ಬೀಚ್ ಟ್ಯಾಗ್’ ಬೇಕು. ಬೆಂಚಿನ ಮೇಲೆಯೇ ಕೂರುವ ಅಮ್ಮನಿಗೂ ಸೇರಿಸಿ ಕೊಳ್ಳಬೇಡಿ.

ಉಳಿದೆರಡು ಊರುಗಳಲ್ಲಿ ಮರಳಿಗೂ ಶುಲ್ಕವಿಲ್ಲ. ಅಟ್ಲಾಂಟಿಕ್ ಸಿಟಿಯಲ್ಲಿ ಕೂರಿಸಿಕೊಂಡು ತಳ್ಳುವ ‘ರೋಲಿಂಗ್ ಚೇರ್’ ಸಿಗುತ್ತದೆ. ಹತ್ತುವ ಮುಂಚೆಯೇ ದರ ಮಾತಾಡಿ. ವೈಲ್ಡ್‌ವುಡ್‌ನಲ್ಲಿ ಜನರನ್ನು ಕೂರಿಸಿಕೊಂಡು ಹಲಗೆಯ ಹಾದಿಯ ಮೇಲೆಯೇ 1949ರಿಂದ ಓಡುತ್ತಿರುವ ಟ್ರಾಮ್‌ಕಾರ್ ಇದೆ. ಆದರೆ ಅಲ್ಲಿನ ಮರಳು ಎಷ್ಟು ಅಗಲವೆಂದರೆ, ನೀರು ಮುಟ್ಟುವಷ್ಟರಲ್ಲಿ ಮಂಡಿ ಸೋತಿರುತ್ತದೆ. ಅಮ್ಮನಿಗೆ ಅಲೆಯಲ್ಲಿ ಕಾಲು ನೆನೆಸುವ ಆಸೆಯಿದ್ದರೆ, ಮರಳಿನಲ್ಲಿ ಹೂತುಹೋಗದ ದಪ್ಪ ಟೈರಿನ ಗಾಲಿಕುರ್ಚಿ ಅನೇಕ ಊರುಗಳಲ್ಲಿ ಪುಕ್ಕಟೆ ಸಿಗುತ್ತದೆ. ಹಿಂದಿನ ದಿನವೇ ಫೋನ್ ಮಾಡಿ ಹೇಳಿಡಿ. ಆ ಆಸೆಯನ್ನು ದಯವಿಟ್ಟು ತೀರಿಸಿ.

ಪ್ರಶ್ನೆ: ಹಲಗೆಯ ಮೇಲೆ ಬರಿಗಾಲಲ್ಲಿ ನಡೆಯಬಹುದೇ? ಅಷ್ಟಕ್ಕೂ ಮರವೇ ಏಕೆ?

ಉತ್ತರ: ಬೇಡ. ಬಿಸಿಲಿಗೆ ಹಲಗೆ ಕಾದಿರುತ್ತದೆ, ಹಳೆಯ ಹಲಗೆಯಲ್ಲಿ ಸಿಬಿರು ಎದ್ದಿರುತ್ತದೆ, ಮೊಳೆಯ ತಲೆಯೂ ಮೇಲೆ ಬಂದಿರಬಹುದು. ಹಿಂದೆ ಪಟ್ಟಿಯಿರುವ ಚಪ್ಪಲಿ ಹಾಕಿ; ಚೂಪು ಹಿಮ್ಮಡಿಯದು ಸಂದಿಗೆ ಸಿಕ್ಕಿಕೊಳ್ಳುತ್ತದೆ. ಸಿಬಿರು ಚುಚ್ಚಿದರೆ ಸೋಪು ಹಾಕಿ ತೊಳೆದು, ಅದು ಹೊಕ್ಕ ಓರೆಯಲ್ಲೇ ಚಿಮಟದಿಂದ ಹಿಂದಕ್ಕೆ ಎಳೆಯಿರಿ. ನೇರ ಮೇಲಕ್ಕೆ ಕಿತ್ತರೆ ಮುರಿದು ತುದಿ ಒಳಗೇ ಉಳಿಯುತ್ತದೆ.

1870ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಮೊದಲ ಹಾದಿ ಹಾಕಿದ್ದು ರೈಲಿನ ಡಬ್ಬಿಗೂ ಹೋಟೆಲಿನ ಜಮಖಾನೆಗೂ ಬರುತ್ತಿದ್ದ ಮರಳನ್ನು ತಡೆಯಲು. ಚಳಿಗಾಲ ಬಂದಾಗ ಬಿಚ್ಚಿ ಎತ್ತಿಡುತ್ತಿದ್ದರು. ಮರಳು, ಮಳೆನೀರು ಎರಡೂ ಹಲಗೆಯ ಸಂದಿಯಲ್ಲಿ ಇಳಿದುಹೋಗುವುದರಿಂದ ಮರ ಇಂದಿಗೂ ಉಳಿದಿದೆ.

ಪ್ರಶ್ನೆ: ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಏನು ತಿನ್ನಬಹುದು?

ಉತ್ತರ: ಫ್ರೆಂಚ್ ಫ್ರೈಸ್ ಮಾತ್ರ ಮಾರುವ ಅಂಗಡಿ ಹುಡುಕಿ. ಎಲ್ಲವನ್ನೂ ಕರಿಯುವ ಕಡೆ ಅದೇ ಬಾಣಲೆಗೆ ಮೀನು, ಕೋಳಿಯೂ ಬಿದ್ದಿರುತ್ತದೆ. ‘ಎಣ್ಣೆ ಯಾವುದು, ಇದರಲ್ಲೇ ಬೇರೇನು ಕರಿಯುತ್ತೀರಿ’ ಎಂದು ಎರಡನ್ನೂ ಕೇಳಿ, ಕೆಲವರು ದನದ ಕೊಬ್ಬು ಬಳಸುವುದುಂಟು. ಜಿಲೇಬಿಯಂತೆ ಸುತ್ತಿ ಕರಿಯುವ ಫನೆಲ್ ಕೇಕ್‌ನ ಹಿಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ. ಸಾಲ್ಟ್ ವಾಟರ್ ಟ್ಯಾಫಿ ಎಂಬ ಮಿಠಾಯಿಯಲ್ಲಿ ಕಡಲ ನೀರಿರುವುದಿಲ್ಲ, ಆದರೆ ಮೊಟ್ಟೆಯ ಬಿಳಿಭಾಗವೋ, ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಜೆಲಟಿನ್ನೋ ಇರಬಹುದು, ಚೀಟಿ ಓದಿ. ಕಡಲಹಕ್ಕಿಗಳು ಬೆನ್ನ ಹಿಂದಿನಿಂದ ಎರಗಿ ಕೈಯಲ್ಲಿದ್ದುದನ್ನು ಕಸಿಯುತ್ತವೆ. ಅಂಗಡಿಯ ಸೂರಿನ ಕೆಳಗೆ, ಗೋಡೆಗೆ ಬೆನ್ನು ಕೊಟ್ಟು ತಿನ್ನಿ.

ಪ್ರಶ್ನೆ: ಮಲ್ಪೆಯಂತೆ ಅಲ್ಲೂ ಕಡಲಲ್ಲಿ ಸೂರ್ಯಾಸ್ತ ನೋಡಬಹುದೇ?

ಉತ್ತರ: ಇಲ್ಲ, ಅಲ್ಲಿ ಕಾಣುವುದು ಸೂರ್ಯೋದಯ. ಜೂನ್ ಕೊನೆಯಲ್ಲಿ 5.30ರ ಹೊತ್ತಿಗೆಲ್ಲ ಸೂರ್ಯ ಮೇಲೆ ಬರುತ್ತಾನೆ, ಕಾಲು ಗಂಟೆ ಮುಂಚೆಯೇ ಹೋಗಿ ನಿಲ್ಲಿ. ಕಡಲ ಗಾಳಿ ಆ ಹೊತ್ತಿಗೆ ಕೊರೆಯುತ್ತದೆ, ಅಮ್ಮನಿಗೊಂದು ಶಾಲು ಇರಲಿ.