ಸಸಿ ಜಗ್ಗಿದವನ ಕತೆ

ಪ್ರಶ್ನೆ: ಓದು ಅಂದರೆ ಸಾಕು, ಮಗ ‘ಸಸಿ ಜಗ್ಗಬೇಡಮ್ಮ, ಚೀನಾದಲ್ಲಿ ಗಾದೆಯೇ ಇದೆ’ ಅನ್ನುತ್ತಾನೆ. ನಿಜವಾ, ಸುಮ್ನೆ ರೈಲು ಬಿಡುತ್ತಿದ್ದಾನಾ?

ಉತ್ತರ: ಇದೆ ತಾಯಿ! ಕ್ರಿಸ್ತಪೂರ್ವ 4ನೇ ಶತಮಾನದ ಚಿಂತಕ ಮೆನ್ಸಿಯಸ್ ಹೇಳಿದ ಕತೆ ಅದು. ಸಾಂಗ್ ರಾಜ್ಯದ ಒಬ್ಬನಿಗೆ ಹೊಲದ ಸಸಿ ಬೆಳೆಯುತ್ತಲೇ ಇಲ್ಲ ಅನ್ನೋ ಚಿಂತೆ ಹತ್ತಿ, ಒಂದೊಂದನ್ನೂ ಹಿಡಿದು ಮೇಲಕ್ಕೆ ಜಗ್ಗಿ, ಸುಸ್ತಾಗಿ ಮನೆಗೆ ಬಂದು ‘ಇವತ್ತು ಸಸಿ ಬೆಳೆಯೋಕೆ ಸಹಾಯ ಮಾಡಿದೆ’ ಅಂದನಂತೆ. ಮಗ ಓಡಿ ಹೋಗಿ ನೋಡಿದರೆ ಎಲ್ಲಾ ಬಾಡಿದ್ದವು. ಅದೇ ಮುಂದೆ ನಾಲ್ಕಕ್ಷರದ ನುಡಿಗಟ್ಟಾಯಿತು. ಮೆನ್ಸಿಯಸ್ ಹೇಳಿದ್ದು ಒಳ್ಳೆಯತನ ಬೆಳೆಸಿಕೊಳ್ಳೋ ಬಗ್ಗೆ, ಪರೀಕ್ಷೆ ಬಗ್ಗೆ ಅಲ್ಲ ಬಿಡಿ. ಆದರೆ ನಿಮ್ಮ ಮಗ ಜಾಣ, ಅರ್ಧ ಮಾತ್ರ ಹೇಳಿದ್ದಾನೆ. ಕಳೆ ಕೂಡ ಕೀಳದೆ ಹೊಲ ಬಿಟ್ಟು ಕೂರುವವರನ್ನೂ ಮೆನ್ಸಿಯಸ್ ಅಲ್ಲೇ ತರಾಟೆಗೆ ತೆಗೆದುಕೊಂಡಿದ್ದಾನೆ.