ಮಾವ ತಂದ ಸುದ್ದಿ, ಕಾಲೇಜು ಚೀಲದ ಮಾತ್ರೆ

(ಹೆಸರು ಮತ್ತು ಕುಟುಂಬದ ವಿವರಗಳನ್ನು ಬದಲಿಸಲಾಗಿದೆ.)

ಕವಿತಾ ಎಂದು ಕರೆಯೋಣ. ಅವಳು ತನಗೆ ತಾನೇ ಇಟ್ಟುಕೊಂಡ ಹೆಸರು ಬೇರೆ. ವಯಸ್ಸು 17, ಗಂಗಾವತಿ ಕಡೆಯ ಭತ್ತ ಬೆಳೆಯುವ ಮನೆತನ, ದ್ವಿತೀಯ ಪಿಯುಸಿ. ಹುಟ್ಟಿದಾಗ ಗಂಡು ಎಂದು ಬರೆಸಿದ್ದರು, ಅವಳು ತನ್ನನ್ನು ಹೆಣ್ಣೆಂದೇ ಕಾಣುತ್ತಾಳೆ. ಕಾಲೇಜು ಚೀಲದಲ್ಲಿ ಗರ್ಭನಿರೋಧಕ ಮಾತ್ರೆಗಳ ಖಾಲಿ ಪಟ್ಟಿ ಸಿಕ್ಕಾಗ ತಾಯಿ ಮೊದಲು ಯಾವುದೋ ಹುಡುಗಿಯ ವಿಚಾರ ಎಂದುಕೊಂಡರಂತೆ. ಮೈ ಹೆಣ್ಣಿನಂತಾಗಲೆಂದು ನುಂಗುತ್ತಿದ್ದುದು ತಮ್ಮ ಮಗುವೇ ಎಂದು ತಿಳಿದ ಮೇಲೆ ಮನೆ ಮೂರು ಪಕ್ಷವಾಗಿ, ಎಲ್ಲರೂ ಸಲಹೆಗೆಂದು ನನ್ನ ಬಳಿ ಬಂದರು.

ಅಜ್ಜಿಯದು ಹುಲಿಗಿಯ ಪಕ್ಷ, ಅಂದರೆ ಮಗುವನ್ನು ಅಲ್ಲಿನ ದೇವಿಗೆ ಬಿಟ್ಟು ಜೋಗತಿ ಮಾಡಬೇಕೆಂಬುದು: “ಹುಲಿಗೆಮ್ಮ ಕರೆದಿದ್ದಾಳೆ, ಮುತ್ತು ಕಟ್ಟಿಸಿಬಿಡಿ. ಮಂಜಮ್ಮ ಜೋಗತಿಗೆ ಪದ್ಮಶ್ರೀ ಬರಲಿಲ್ಲವೇ?” ತಂದೆಗೆ ಬೇಕಾಗಿದ್ದುದು ಹುಡುಗನನ್ನು ಸರಿ ಮಾಡಿ ಕೊಡುವ ಡಾಕ್ಟರು. ಸೋದರಮಾವ ಶಾಲಾ ಮಾಸ್ತರು. ಮೊಬೈಲಿನಲ್ಲಿ ಸುದ್ದಿ ಹಿಡಿದೇ ಬಂದಿದ್ದರು. “ಇಂಗ್ಲೆಂಡಿನಲ್ಲೇ ಮಕ್ಕಳಿಗೆ ಲಿಂಗ ಬದಲಿಸುವ ಈ ಚಿಕಿತ್ಸೆ ನಿಲ್ಲಿಸಿದ್ದಾರೆ ಮೇಡಂ, ಕೊಪ್ಪಳದವರು ನಾವು ಯಾವ ಲೆಕ್ಕ?” ಕವಿತಾಳ ಮೊಬೈಲಿನಲ್ಲಿ ಅದಕ್ಕೆ ಉತ್ತರವೆಂಬಂತೆ ಈ ಚಿಕಿತ್ಸೆಯನ್ನು ಹೊಗಳುವ ಅಮೆರಿಕದ ವಿಡಿಯೊಗಳಿದ್ದವು.

ಎಲ್ಲರನ್ನೂ ಹೊರಗೆ ಕೂರಿಸಿ ಮೊದಲು ಅವಳೊಬ್ಬಳ ಜೊತೆ ಮಾತನಾಡಿದೆ. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಹಲವರಿಗಿದೆ, ಅದಕ್ಕೆ ಆಧಾರವಿಲ್ಲ. ಅವಳಿಗೆ ಆ ಯೋಚನೆ ಬಂದಿತ್ತು. ಭತ್ತದ ಮನೆಯಲ್ಲಿ ಕೀಟನಾಶಕ ಎಲ್ಲಿರುತ್ತದೆ ಎಂದು ಮಕ್ಕಳಿಗೂ ಗೊತ್ತು. ಹಾಗಾಗಿ, ಅವಳ ಒಪ್ಪಿಗೆ ಪಡೆದು, ತಂದೆಗೆ ನಾನು ಕೊಟ್ಟ ಮೊದಲ ಸಲಹೆಗೂ ಗಂಡು ಹೆಣ್ಣಿನ ಪ್ರಶ್ನೆಗೂ ಸಂಬಂಧವಿರಲಿಲ್ಲ: ಡಬ್ಬಿಗಳನ್ನು ಇವತ್ತೇ ಮನೆಯಿಂದ ಹೊರಗೆ ಸಾಗಿಸಿ, ಬೀಗ ಹಾಕಿ, ಕೀಲಿ ನೀವೇ ಇಟ್ಟುಕೊಳ್ಳಿ. ಅಪರಾತ್ರಿಯಲ್ಲಿ ಮನಸ್ಸು ಕೆಟ್ಟರೆ 14416ಕ್ಕೆ, ಅಂದರೆ ಟೆಲಿ ಮಾನಸ್‌ಗೆ ಕರೆ ಮಾಡಲು ಅವಳಿಗೆ ಹೇಳಿದೆ, ಕನ್ನಡದಲ್ಲೇ ಮಾತನಾಡಬಹುದು.

ಮಾವ ತಂದ ಸುದ್ದಿ ಸುಳ್ಳಲ್ಲ. 2024ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಆರೋಗ್ಯ ಸೇವೆಗೆ ಮಕ್ಕಳ ವೈದ್ಯೆ ಹಿಲರಿ ಕ್ಯಾಸ್ ಕೊಟ್ಟ ವರದಿ, ಈ ಚಿಕಿತ್ಸೆಗಳ ಹಿಂದಿರುವ ಪುರಾವೆ ದುರ್ಬಲ ಎಂದಿತು. ಸ್ವೀಡನ್, ಫಿನ್ಲೆಂಡ್ ಅದಕ್ಕೂ ಮೊದಲೇ ನಿಯಮ ಬಿಗಿ ಮಾಡಿದ್ದವು. ಅತ್ತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2023ರಲ್ಲಿ ತನ್ನ ಬೆಂಬಲವನ್ನು ಮತ್ತೆ ಖಚಿತಪಡಿಸಿತು. ವೈದ್ಯರ ನಡುವೆ ಇಂಥ ಜಗಳವಿದೆ ಎಂಬುದನ್ನು ಮುಚ್ಚಿಟ್ಟು ಸಲಹೆ ಕೊಡುವುದು ನನಗೆ ಒಗ್ಗದು. ಆದರೆ ಇಂಗ್ಲೆಂಡ್ 2024ರಲ್ಲಿ ನಿಲ್ಲಿಸಿದ್ದು 18ರ ಒಳಗಿನವರಿಗೆ ಪ್ರೌಢಾವಸ್ಥೆಯನ್ನು ತಡೆಹಿಡಿಯಲು ಕೊಡುತ್ತಿದ್ದ ಔಷಧವನ್ನು. ಕವಿತಾಳ ದನಿ ಒಡೆದು, ಮೀಸೆ ಮೂಡಿ ವರ್ಷಗಳೇ ಆಗಿವೆ. ತಡೆಹಿಡಿಯಲು ಹೆಚ್ಚೇನೂ ಉಳಿದಿಲ್ಲ. ಇಡೀ ಮನೆ ಜಗಳವಾಡುತ್ತಿದ್ದುದು ಅವಳಿಗೆ ಅಷ್ಟಾಗಿ ಅನ್ವಯಿಸದ ಔಷಧದ ಮೇಲೆ.

ಬಯಸಿದ ಲಿಂಗದ ಹಾರ್ಮೋನನ್ನು 18ಕ್ಕೆ ಮುನ್ನ ಕೊಡುವುದಾದರೆ ತೀರಾ ಎಚ್ಚರ ಬೇಕು ಎಂದೂ ಅದೇ ವರದಿ ಹೇಳಿದೆ. ಇದನ್ನು ಕವಿತಾಳಿಗೆ ಹೇಳಿದೆ, ಇಷ್ಟವಾಗಲಿಲ್ಲ. ಇಂಥ ಮಕ್ಕಳೇ ಇಲ್ಲವೆಂದಾಗಲಿ, ಬೈದು ಬಡಿದು ತಿದ್ದಿ ಎಂದಾಗಲಿ ವರದಿ ಹೇಳಿಲ್ಲ. ಇದನ್ನು ಮಾವನಿಗೆ ಹೇಳಿದೆ, ಅವರಿಗೂ ಇಷ್ಟವಾಗಲಿಲ್ಲ.

ನಿಜವಾದ ಅಪಾಯ ಚೀಲದಲ್ಲಿತ್ತು. ಗರ್ಭನಿರೋಧಕ ಮಾತ್ರೆಯಲ್ಲಿರುವ ಎಥಿನೈಲ್ ಎಸ್ಟ್ರಾಡಿಯಾಲ್ ಎಂಬ ಹಾರ್ಮೋನು ರಕ್ತ ಹೆಪ್ಪುಗಟ್ಟಿಸಬಲ್ಲದು. ಬೇಗ ಪರಿಣಾಮ ಕಾಣಲೆಂದು ಅವಳು ದಿನಕ್ಕೆ ಹಲವು ನುಂಗುತ್ತಿದ್ದಳು. ಅದನ್ನು ನಿಲ್ಲಿಸು ಎಂದೆ. ತಾಯಿಗೆ, ಇದನ್ನು ಶಿಕ್ಷೆಯಂತೆ ಮಾಡಬೇಡಿ, ವೈದ್ಯರ ಮುಂದೆ ಮಾತ್ರೆಯ ವಿಷಯ ಮರೆಮಾಚದೆ ಹೇಳಿ, ರಕ್ತದೊತ್ತಡ ಮತ್ತು ರಕ್ತ ಪರೀಕ್ಷೆ ಮಾಡಿಸಿ ಎಂದೆ. ಒಂದೇ ಕಾಲು ಊದಿ ನೋಯುವುದು, ಎದೆನೋವು, ಏಕಾಏಕಿ ಏದುಸಿರು: ಇವುಗಳಲ್ಲಿ ಯಾವುದು ಕಂಡರೂ ಕಾಯದೆ ಆಸ್ಪತ್ರೆಗೆ ಓಡಬೇಕು. ವಿಡಿಯೊಗಳು ಅವಳಿಗೆ ಹೇಳದೇ ಇದ್ದ ಸಂಗತಿಗಳೂ ಇದ್ದವು. ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜನ್, ಒಡೆದ ದನಿಯನ್ನು ಬದಲಿಸುವುದಿಲ್ಲ, ಬಂದ ಗಡ್ಡವನ್ನು ಅಳಿಸುವುದಿಲ್ಲ. ಬೆಳೆದ ಎದೆ ಔಷಧ ಬಿಟ್ಟರೂ ಮೊದಲಿನಂತಾಗುವುದಿಲ್ಲ. ಮಕ್ಕಳಾಗುವ ಶಕ್ತಿ ಕುಗ್ಗಬಹುದು, ಶಾಶ್ವತವಾಗಿಯೂ.

ತಂದೆಗೆ ಸುತ್ತಿಬಳಸಿ ಹೇಳಲಿಲ್ಲ. ಸರಿ ಮಾಡುತ್ತೇನೆ ಎಂದು ಹಣ ಕೇಳುವ ಡಾಕ್ಟರು ತಪ್ಪು ಮಾಡುತ್ತಿದ್ದಾರೆ. ಅಂಥ ಚಿಕಿತ್ಸೆ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಮದುವೆ ಮಾಡಿದರೆ ಸರಿಹೋಗುತ್ತದೆ ಎಂಬ ಮಾತನ್ನಂತೂ ಮುಂದುವರಿಸಲು ಬಿಡಲಿಲ್ಲ. ಇನ್ನೊಬ್ಬರ ಮನೆಯ ಹುಡುಗಿ ಔಷಧವಲ್ಲ. ಅಜ್ಜಿಗೆ, ಹುಲಿಗಿಗೆ ಹೋಗಿ ಹರಕೆ ತೀರಿಸಿ ಬನ್ನಿ, ಯಾರೂ ತಡೆಯುವುದಿಲ್ಲ ಎಂದೆ. ಆದರೆ ಮುತ್ತು ಜೀವನಪೂರ್ತಿಯದು. ಮಂಜಮ್ಮನವರೂ ಪದ್ಮಶ್ರೀಗೆ ಮುಂಚೆ ಮನೆ ಬಿಟ್ಟು ಭಿಕ್ಷೆ ಬೇಡಿದವರು. ಈ ಮಗುವಿಗೆ ಜೋಗತಿಯಾಗುವ ಆಸೆಯಿಲ್ಲ, ನರ್ಸಿಂಗ್ ಓದಬೇಕಂತೆ.

ಉಳಿದದ್ದು ಸರಳ. ಪರೀಕ್ಷೆ ಮುಗಿಯುವವರೆಗೆ ಕೂದಲ ವಿಷಯಕ್ಕೆ ಗಲಾಟೆ ಬೇಡ. ಮನೋವೈದ್ಯರ ಭೇಟಿ ಈಗಲೇ ಶುರುವಾಗಲಿ. ಅವಳನ್ನು ಬದಲಿಸಲು ಅಲ್ಲ, ನಿದ್ದೆ, ಆತಂಕಗಳನ್ನು ನೋಡಲು ಮತ್ತು ಅವಳ ನಿರ್ಧಾರಕ್ಕೆ ಸಮಯ ಕೊಡಲು. 18 ತುಂಬಿದ ಮೇಲೂ ಅವಳ ಮನಸ್ಸು ಇದೇ ಇದ್ದರೆ ಹಾರ್ಮೋನು ತಜ್ಞರ ಬಳಿ, ಪರೀಕ್ಷೆಗಳ ಆಧಾರದ ಮೇಲೆ, ಮುಂದಿನ ಮಾತು. ಮಾವ ಇದನ್ನೆಲ್ಲ ಟಿಪ್ಪಣಿ ಮಾಡಿಕೊಂಡರು. ಮುಂದೆ ಮಕ್ಕಳು ಬೇಕೆನಿಸಿದರೆ ಇರಲೆಂದು ವೀರ್ಯ ಸಂಗ್ರಹಿಸಿಡುವ ಪ್ರಸ್ತಾಪ ಬಂದಾಗ ಮಾತ್ರ ತಂದೆ ಎದ್ದು ಹೊರಗೆ ಹೋದರು. ಹಾರ್ಮೋನು ಆರಂಭಿಸುವ ಮುನ್ನ ಅದನ್ನು ಇತ್ಯರ್ಥ ಮಾಡಲೇಬೇಕು. ಮುಂದಿನ ಭೇಟಿಗೆ ಕವಿತಾ ಮತ್ತು ತಾಯಿ ಇಬ್ಬರೇ ಬರಲಿ ಎಂದಿದ್ದೇನೆ.